ತುಮಕೂರಿನಿಂದ ಹೊರಟು ಗರಿ ಮರಳು ದ್ವೀಪದಲ್ಲಿ ಒಂದು ದಿನ: ಗೈಡ್ ಜೊತೆ ಹೋಗುವವರಿಗೆ ಪೂರ್ತಿ ಮಾಹಿತಿ

ತುಮಕೂರಿನಲ್ಲಿ ಮಗನೋ ಮಗಳೋ ಆಸ್ಟ್ರೇಲಿಯಾದಲ್ಲಿರುವ ಮನೆಗಳು ಈಗ ಕಮ್ಮಿ ಏನಿಲ್ಲ. ಬಾಣಂತನಕ್ಕೆ ಅಂತ ಹೋದ ಅಪ್ಪ ಅಮ್ಮ ಮೊದಲ ತಿಂಗಳು ಮಗು ನೋಡಿಕೊಂಡು, ಮಾಲ್, ಪಾರ್ಕ್, ದೇವಸ್ಥಾನ ಎಲ್ಲ ಸುತ್ತಿ ಮುಗಿಸುತ್ತಾರೆ. ಆಮೇಲೆ ಫೋನ್ ಬರುತ್ತದೆ, "ಇನ್ನೇನಪ್ಪಾ ನೋಡೋದು ಇಲ್ಲಿ?" ಬ್ರಿಸ್ಬೇನ್ ಕಡೆ ಇರುವವರಿಗೆಲ್ಲ ನಾನು ಹೇಳುವುದು ಒಂದೇ ಜಾಗ. ಗರಿ ದ್ವೀಪ. ಹಳೆಯ ಹೆಸರು ಫ್ರೇಸರ್ ಐಲ್ಯಾಂಡ್, 2023ರ ಜೂನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನ ದ್ವೀಪವನ್ನು ಕರೆಯುತ್ತಿದ್ದ ಹೆಸರನ್ನೇ ಅಧಿಕೃತವಾಗಿ ವಾಪಸ್ ಇಟ್ಟರು. ಬೋರ್ಡುಗಳಲ್ಲಿ ಮುಂದೆ ಒಂದು 'ಕೆ' ಅಕ್ಷರ ಇರುತ್ತದೆ, ಅದನ್ನು ಓದುವ ಹಾಗಿಲ್ಲ.

ಪ್ರಪಂಚದ ಅತಿ ದೊಡ್ಡ ಮರಳು ದ್ವೀಪ ಇದು. ಉದ್ದ ಸುಮಾರು 123 ಕಿಲೋಮೀಟರ್. 1992ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರಳು ಅಂದ ತಕ್ಷಣ ರಾಜಸ್ಥಾನ ನೆನಪಾಗುತ್ತೆ, ಅಲ್ವಾ? ಇಲ್ಲಿ ಹಾಗಿಲ್ಲ. ಮರಳಿನ ಮೇಲೆಯೇ ದಟ್ಟ ಮಳೆಕಾಡು ಬೆಳೆದಿದೆ, ಮರಳಿನ ಮೇಲೆಯೇ ಸಿಹಿನೀರಿನ ಕೆರೆಗಳು ನಿಂತಿವೆ. ಟಾರು ರಸ್ತೆ ಅಂತ ಹುಡುಕಿದರೆ ರೆಸಾರ್ಟ್‌ಗಳ ಅಕ್ಕಪಕ್ಕ ಒಂದಿಷ್ಟು ಸಿಗಬಹುದು. ಉಳಿದದ್ದೆಲ್ಲ ಮರಳುದಾರಿ.

ಸ್ವಂತ ಡ್ರೈವಿಂಗ್ ಬೇಡ

ನಮ್ಮ ಭಾವ ಒಬ್ಬರು ಗುಬ್ಬಿ ಕಡೆಯವರು, ಥಾರ್ ಇಟ್ಟಿದ್ದಾರೆ. ಈ ಟ್ರಿಪ್ ಮಾತು ಬಂದಾಗ ಅವರ ಮೊದಲ ಮಾತು, "ಅಲ್ಲ ಕಣಯ್ಯ, ಒಂದು ಜೀಪ್ ಬಾಡಿಗೆಗೆ ತಗೊಂಡ್ರೆ ನಾನೇ ಓಡಿಸ್ತೀನಿ, ಗೈಡಿಗೆ ಯಾಕೆ ದುಡ್ಡು?" ದೇವರಾಯನದುರ್ಗದ ಸುತ್ತಮುತ್ತ ಮಣ್ಣುದಾರಿಯಲ್ಲಿ ಗಾಡಿ ಓಡಿಸಿದವರಿಗೆಲ್ಲ ಹೀಗೇ ಅನಿಸುತ್ತದೆ. ಆದರೆ ನಮ್ಮ ಕಡೆಯ ಕೆಮ್ಮಣ್ಣು, ಕಲ್ಲು ಬೇರೆ, ಒಣ ಮರಳು ಬೇರೆ. ಕೆಮ್ಮಣ್ಣು ಒಣಗಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮರಳು ಒಣಗಿದಷ್ಟೂ ಸಡಿಲ. ಜೋರಾಗಿ ಬ್ರೇಕ್ ಹಾಕಿದರೆ ಚಕ್ರದ ಮುಂದೆ ಮರಳು ಗುಡ್ಡೆ ಬಿದ್ದು ಗಾಡಿ ನಿಂತುಬಿಡುತ್ತದೆ. ನಿಂತ ಮೇಲೆ ಆಕ್ಸಿಲರೇಟರ್ ತುಳಿದಷ್ಟೂ ಆಕ್ಸಲ್‌ವರೆಗೆ ಹೂತು ಹೋಗುತ್ತದೆ.

ಇಷ್ಟೇ ಆದರೆ ಹೇಗೋ ಎಳೆದು ತೆಗೆಯಬಹುದು. ನಿಜವಾದ ತಾಪತ್ರಯ ಸಮುದ್ರದ್ದು. ಈ ದ್ವೀಪದ ಮುಖ್ಯ ರಸ್ತೆಯೇ ಸಮುದ್ರದ ದಂಡೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದಾಗ ಒದ್ದೆ ಮರಳು ಗಟ್ಟಿಯಾಗಿ ಅಗಲವಾಗಿ ತೆರೆದುಕೊಳ್ಳುತ್ತದೆ, ಅದರ ಮೇಲೆ ಗಾಡಿ ಓಡುತ್ತದೆ. ಉಬ್ಬರ ಬಂದಾಗ ಆ ರಸ್ತೆ ಇರುವುದೇ ಇಲ್ಲ. ಆ ಹೊತ್ತಿನಲ್ಲಿ ಸಿಕ್ಕಿಹಾಕಿಕೊಂಡ ಗಾಡಿಯನ್ನು ಉಪ್ಪುನೀರು ನುಂಗಿದ ಉದಾಹರಣೆಗಳು ಬೇಕಾದಷ್ಟಿವೆ. ಮಾಮೂಲಿ ಬಾಡಿಗೆ ಕಾರಿನ ಒಪ್ಪಂದದಲ್ಲಿ ಮರಳಿಗೆ ಇಳಿಸಬಾರದು ಅಂತಲೇ ಬರೆದಿರುತ್ತಾರೆ. ಇಳಿಸಿದರೆ ವಿಮೆ ಇಲ್ಲ. ಫೋರ್ ವೀಲ್ ಡ್ರೈವ್ ಗಾಡಿಯೇ ಸಿಕ್ಕರೂ ನ್ಯಾಷನಲ್ ಪಾರ್ಕಿನ ವಾಹನ ಪರ್ಮಿಟ್, ಬಾರ್ಜ್ (ಗಾಡಿಗಳನ್ನು ಹೊತ್ತು ದಾಟಿಸುವ ಚಪ್ಪಟೆ ದೋಣಿ) ಟಿಕೆಟ್, ಉಬ್ಬರವಿಳಿತದ ಪಟ್ಟಿ ಎಲ್ಲ ನಿಮ್ಮದೇ ಜವಾಬ್ದಾರಿ. ಒಂದು ದಿನದ ಪ್ರವಾಸಕ್ಕೆ ಇಷ್ಟು ತಲೆನೋವು ಬೇಕಾ?

ಕೈ ತುರಿಸುವವರಿಗೆ ಮಧ್ಯದ ದಾರಿಯೊಂದಿದೆ. 'ಟ್ಯಾಗ್ ಅಲಾಂಗ್' ಅಂತ ಕೇಳಿ. ಮುಂದಿನ ಗಾಡಿಯಲ್ಲಿ ಗೈಡ್ ಇರುತ್ತಾರೆ, ಹಿಂದಿನ ಗಾಡಿಗಳನ್ನು ಪ್ರವಾಸಿಗರೇ ಸರದಿ ಮೇಲೆ ಓಡಿಸಿಕೊಂಡು ಹೋಗುತ್ತಾರೆ. ಇದು ಹುಡುಗರಿಗೆ ಚೆನ್ನ. ಇದರಲ್ಲಿ ಬಹಳಷ್ಟು ಎರಡು ಮೂರು ದಿನದ ಪ್ಯಾಕೇಜುಗಳು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ನೇರವಾಗಿ ಗೈಡ್ ಓಡಿಸುವ ಬಸ್ಸು ಹಿಡಿಯಿರಿ. ಬಸ್ಸು ಅಂದರೆ ನಮ್ಮ ಕೆಎಸ್ಆರ್‌ಟಿಸಿ ತರಹದ್ದಲ್ಲ. ಲಾರಿ ಚಾಸಿ ಮೇಲೆ ಎತ್ತರಕ್ಕೆ ಕಟ್ಟಿದ, ಎಲ್ಲ ಚಕ್ರಕ್ಕೂ ಎಳೆಯುವ ಶಕ್ತಿ ಇರುವ ದೊಡ್ಡ ಗಾಡಿ.

ಮೊದಲು ತಿಂಗಳು, ಆಮೇಲೆ ತಾರೀಖು

ಅಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ. ಹಗಲು ಹಿತವಾಗಿರುತ್ತದೆ, ಬೆಳಗ್ಗೆಗೆ ಒಂದು ಸ್ವೆಟರ್ ಸಾಕು. ಆದರೆ ಕೆರೆಯ ನೀರು ಚೆನ್ನಾಗಿ ಕೊರೆಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಸೆಕೆ, ಮಳೆ, ಅಲ್ಲಿನ ಶಾಲೆ ರಜೆಯ ಜನಜಂಗುಳಿ ಎಲ್ಲ ಒಟ್ಟಿಗೆ. ನನ್ನ ಆಯ್ಕೆ ಆಗಸ್ಟ್ ಕೊನೆಯಿಂದ ಅಕ್ಟೋಬರ್. ಜುಲೈನಿಂದ ಅಕ್ಟೋಬರ್‌ವರೆಗೆ ಪಕ್ಕದ ಹರ್ವಿ ಬೇ ಕೊಲ್ಲಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿ ಕಟ್ಟಿಕೊಂಡು ತಂಗುತ್ತವೆ. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ತಾರೀಖು ಹಾಕುವಾಗ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ತಮಾಷೆಗಲ್ಲ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜಾಸ್ತಿ ಏರುತ್ತದೆ, ಇಳಿತವೂ ಜಾಸ್ತಿ ಇಳಿಯುತ್ತದೆ. ಅಷ್ಟಮಿ ಆಸುಪಾಸಿನಲ್ಲಿ ಏರಿಳಿತ ಕಮ್ಮಿ. ಇದರ ಜೊತೆಗೆ ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಉಬ್ಬರಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಆದ ಮೇಲಿನವರೆಗೆ ದಂಡೆ ಮೇಲೆ ಗಾಡಿ ಓಡಿಸಬೇಡಿ ಅನ್ನುವುದು ಅಲ್ಲಿನ ಸಾಮಾನ್ಯ ಸಲಹೆ. ಅಂದರೆ ಮಧ್ಯಾಹ್ನದ ಆಸುಪಾಸಿನಲ್ಲಿ ಇಳಿತ ಬೀಳುವ ದಿನ ಸಿಕ್ಕರೆ ದಂಡೆ ಮೇಲಿನ ಜಾಗಗಳನ್ನೆಲ್ಲ ಆರಾಮಾಗಿ ನೋಡಬಹುದು. ಮಧ್ಯಾಹ್ನವೇ ಉಬ್ಬರ ಬಂದರೆ ಗೈಡ್ ಅವಸರ ಮಾಡುತ್ತಾರೆ, ಒಂದೆರಡು ಜಾಗ ಬಿಟ್ಟೂ ಹೋಗಬಹುದು. ಟೂರ್ ಕಂಪನಿಯ ಪಾಂಪ್ಲೆಟ್‌ನಲ್ಲಿ ಯಾವ ಜಾಗ ಮೊದಲು, ಯಾವುದು ಆಮೇಲೆ ಅಂತ ಬರೆದಿರುತ್ತಾರಲ್ಲ, ಅದನ್ನು ಜಾಸ್ತಿ ನಂಬಬೇಡಿ. ಆ ದಿನದ ಕ್ರಮ ನಿರ್ಧಾರ ಮಾಡುವುದು ಸಮುದ್ರ. "ಈ ತಾರೀಖಿಗೆ ಲೋ ಟೈಡ್ ಎಷ್ಟು ಹೊತ್ತಿಗೆ?" ಅಂತ ಬುಕ್ ಮಾಡುವ ಮುಂಚೆಯೇ ಕೇಳಿ. ಕ್ವೀನ್ಸ್‌ಲ್ಯಾಂಡ್ ರಾಜ್ಯ (ಈ ದ್ವೀಪ ಇರುವುದು ಅಲ್ಲೇ) ಸರ್ಕಾರದ ಉಬ್ಬರವಿಳಿತದ ಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ, ನೀವೇ ನೋಡಿಕೊಳ್ಳಬಹುದು.

ಎಲ್ಲಿಂದ ಹೊರಡೋದು

ತುಮಕೂರಿನಿಂದ ಏರ್‌ಪೋರ್ಟಿಗೆ ಹೋಗಲು ಬೆಂಗಳೂರು ಊರೊಳಗೆ ನುಗ್ಗಬೇಕಿಲ್ಲ, ಡಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ ಸೇರಿಕೊಳ್ಳಿ. ಸಿಂಗಪುರದಲ್ಲಿ ವಿಮಾನ ಬದಲಿಸಿದರೆ ಬ್ರಿಸ್ಬೇನ್. ವಿಸಿಟರ್ ವೀಸಾ ಆನ್‌ಲೈನ್‌ನಲ್ಲೇ ಹಾಕಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ. ಅಮ್ಮ ಕಟ್ಟಿಕೊಡುವ ಉಪ್ಪಿನಕಾಯಿ, ಚಟ್ನಿಪುಡಿ, ಹುರಿಹಿಟ್ಟು ಏನೇ ಇದ್ದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಟಿಕ್ ಹಾಕಿ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ತೋರಿಸಿದರೆ ಜಾಸ್ತಿ ಅಂದರೆ ಆ ಪೊಟ್ಟಣ ಕಸಕ್ಕೆ ಹೋಗುತ್ತದೆ, ಅಷ್ಟೇ.

ದ್ವೀಪಕ್ಕೆ ಎರಡು ಬಾಗಿಲು. ಒಂದು ಹರ್ವಿ ಬೇ ಊರಿನ ಪಕ್ಕದ ರಿವರ್ ಹೆಡ್ಸ್, ಅಲ್ಲಿಂದ ಬಾರ್ಜ್ ದ್ವೀಪದ ಪಶ್ಚಿಮ ದಡಕ್ಕೆ ಹೋಗುತ್ತದೆ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಚಿಲ್ಲರೆ ಹಿಡಿಯುತ್ತದೆ. ಇನ್ನೊಂದು ದಕ್ಷಿಣದಲ್ಲಿ ರೇನ್‌ಬೋ ಬೀಚ್ ಹತ್ತಿರದ ಇನ್‌ಸ್ಕಿಪ್ ಪಾಯಿಂಟ್, ಅಲ್ಲಿ ಹತ್ತು ನಿಮಿಷದ ದಾಟು. ನೂಸಾ ಊರಿನಿಂದಲೂ ಟೂರ್‌ಗಳಿವೆ, ಆದರೆ ದಿನ ಬಹಳ ಉದ್ದವಾಗುತ್ತದೆ.

ಬ್ರಿಸ್ಬೇನ್‌ನಿಂದ ಹರ್ವಿ ಬೇಗೆ ಹತ್ತಿರ ಹತ್ತಿರ 300 ಕಿಲೋಮೀಟರ್, ಕಾರಿನಲ್ಲಿ ಮೂರೂವರೆ ನಾಲ್ಕು ಗಂಟೆ. ರೈಲಿನಲ್ಲಿ ಹೋದರೆ ಮೇರಿಬರೋ ವೆಸ್ಟ್‌ನಲ್ಲಿ ಇಳಿದು ಬಸ್ಸು ಹತ್ತಬೇಕು. "ಬೆಳಗಿನ ಜಾವ ಎರಡು ಗಂಟೆಗೆ ಎದ್ದು ಹೊರಟರೆ ಆಯ್ತಲ್ಲ, ಲಾಡ್ಜ್ ಖರ್ಚು ಉಳಿಯುತ್ತೆ" ಅನ್ನುವವರು ಮನೆಗೊಬ್ಬರು ಇರುತ್ತಾರೆ. ಒಪ್ಪಬೇಡಿ. ಅಲ್ಲಿ ರಾತ್ರಿ ಹೊತ್ತು ಕಾಂಗರೂ ರಸ್ತೆಗೆ ಹಾರುತ್ತವೆ. ಅದಲ್ಲದೆ ನಿದ್ದೆಗೆಟ್ಟು ಹೋಗಿ ಮರಳುದಾರಿಯ ಬಸ್ಸಿನಲ್ಲಿ ಕೂತರೆ ವಾಂತಿ ಗ್ಯಾರಂಟಿ. ಹಿಂದಿನ ದಿನವೇ ಹೋಗಿ ಹರ್ವಿ ಬೇಯಲ್ಲಿ ತಂಗಿ. ಬೆಳಗ್ಗೆ ಟೂರಿನವರೇ ಉಳಿದುಕೊಂಡ ಜಾಗದ ಹತ್ತಿರ ಬಂದು ಹತ್ತಿಸಿಕೊಳ್ಳುತ್ತಾರೆ.

ಬುಕ್ ಮಾಡುವಾಗ ಕೇಳಬೇಕಾದ್ದು

ಕ್ವೀನ್ಸ್‌ಲ್ಯಾಂಡ್ ನಮಗಿಂತ ನಾಲ್ಕೂವರೆ ಗಂಟೆ ಮುಂದಿದೆ. ತುಮಕೂರಿನಲ್ಲಿ ಬೆಳಗ್ಗೆ ಏಳಕ್ಕೆ ಫೋನ್ ಮಾಡಿದರೆ ಅಲ್ಲಿ ಹನ್ನೊಂದೂವರೆ. ನಾವು ಮಧ್ಯಾಹ್ನ ಊಟ ಮಾಡಿಕೊಂಡು ಫೋನ್ ಹಿಡಿದರೆ ಅಲ್ಲಿ ಆಫೀಸ್ ಬಾಗಿಲು ಹಾಕಿರುತ್ತದೆ.

ಊಟದ ವಿಷಯ ಮೊದಲೇ ಬಿಡಿಸಿ ಹೇಳಿ. ಸುಮ್ನೆ 'ವೆಜ್' ಅಂದರೆ ಸಾಲದು. ಮೊಟ್ಟೆ ಇಲ್ಲ, ಮೀನು ಇಲ್ಲ, ಹಾಲು ಮೊಸರು ಪರವಾಗಿಲ್ಲ ಅಂತ ಬರೆದು ಕಳಿಸಿ. ಮಧ್ಯಾಹ್ನ ರೆಸಾರ್ಟ್‌ನಲ್ಲಿ ಬಫೆ ಇದ್ದರೆ ಹೇಗೋ ನಡೆಯುತ್ತದೆ, ಪೊಟ್ಟಣದ ಊಟ ಆದರೆ ಮೊದಲೇ ಹೇಳದವರಿಗೆ ಹಣ್ಣು, ಬ್ರೆಡ್ಡೇ ಗತಿ. ಎಲೈ ಕ್ರೀಕ್‌ನಲ್ಲಿ ಎಷ್ಟು ಹೊತ್ತು, ಮೆಕೆಂಜಿ ಕೆರೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಅಂತ ಕೇಳಿ (ದ್ವೀಪದಲ್ಲಿ ನೀರಿಗೆ ಇಳಿಯುವ ಜಾಗಗಳು ಇವು), ಕೆರೆಗೆ ಒಂದು ಗಂಟೆಗಿಂತ ಕಮ್ಮಿ ಅಂದರೆ ಬೇರೆ ಟೂರ್ ನೋಡಿ. ಚಿಕ್ಕ ಮಕ್ಕಳಿಗೆ ವಯಸ್ಸಿನ ಮಿತಿ ಇದೆಯಾ, ಮಕ್ಕಳ ಸೀಟು ಕೊಡುತ್ತಾರಾ ವಿಚಾರಿಸಿ. ಗರ್ಭಿಣಿಯರಿಗೆ, ಬೆನ್ನಿನ ಡಿಸ್ಕ್ ತೊಂದರೆ ಇರುವವರಿಗೆ ಈ ಪ್ರಯಾಣ ಬೇಡವೇ ಬೇಡ. ನಡು ಹಿಡಿದುಕೊಂಡು "ಏನಾಗಲ್ಲ ಬಿಡು" ಅನ್ನುವ ಮಾವನವರನ್ನು ಹರ್ವಿ ಬೇ ದಂಡೆಯಲ್ಲೇ ಕೂರಿಸಿ, ಅದೂ ಚೆನ್ನಾಗಿದೆ.

ರದ್ದಾದರೆ ದುಡ್ಡು ವಾಪಸ್ ಬರುತ್ತಾ ಅಂತಲೂ ಕೇಳಿ. ಚಂಡಮಾರುತ, ಕಾಡುಗಿಚ್ಚು ಬಂದಾಗ ದ್ವೀಪವನ್ನೇ ಮುಚ್ಚುತ್ತಾರೆ. 2020ರ ಅಕ್ಟೋಬರ್‌ನಲ್ಲಿ ಯಾರೋ ನಿಯಮ ಮೀರಿ ಹಾಕಿದ ಕ್ಯಾಂಪ್‌ಫೈರ್‌ನಿಂದ ಹತ್ತಿದ ಬೆಂಕಿ ಡಿಸೆಂಬರ್‌ವರೆಗೂ ಉರಿದು ದ್ವೀಪದ ಹತ್ತಿರ ಹತ್ತಿರ ಅರ್ಧ ಭಾಗ ಸುಟ್ಟಿತ್ತು.

ಬ್ಯಾಗಿಗೆ ಏನು

ಬೇಗ ಒಣಗುವ ಬಟ್ಟೆ ಮುಖ್ಯ. ಕಾಟನ್ ಚೂಡಿದಾರ ಪ್ಯಾಂಟ್ ನೀರಿಗೆ ಇಳಿದ ಮೇಲೆ ಮರಳು ತುಂಬಿಕೊಂಡು ಕಾಲು ಎತ್ತಲಾಗದಷ್ಟು ಭಾರವಾಗುತ್ತದೆ, ಸೀರೆಯ ಮಾತು ಬೇಡ. ಲೆಗಿಂಗ್ಸ್, ತುಂಬುತೋಳಿನ ಸಿಂಥೆಟಿಕ್ ಟೀ ಶರ್ಟ್ ಸರಿ. ತುಂಬುತೋಳು ಯಾಕೆ ಅಂದರೆ, ಬಿಸಿಲು ಅಲ್ಲಿ ಚರ್ಮ ಸುಡುತ್ತದೆ, ಆದರೆ ಸನ್‌ಸ್ಕ್ರೀನ್ ಬಳಿದುಕೊಂಡು ಮೆಕೆಂಜಿ ಕೆರೆಗೆ ಇಳಿಯಬಾರದು. ಆ ಕೆರೆಗೆ ಹರಿದು ಬರುವ ತೊರೆ ಇಲ್ಲ, ಹೊರಗೆ ಹೋಗುವ ಕಾಲುವೆಯೂ ಇಲ್ಲ. ನೀವು ಬಿಟ್ಟ ಎಣ್ಣೆ ಅಲ್ಲೇ ಉಳಿಯುತ್ತದೆ. ಬೇಸಿಗೆ ಹತ್ತಿರವಾದಂತೆ ಮಾರ್ಚ್ ಫ್ಲೈ ಅನ್ನುವ ದಪ್ಪ ನೊಣ ಕಚ್ಚುತ್ತದೆ, ಗಾಢ ಬಣ್ಣಕ್ಕೆ ಮುತ್ತುತ್ತದೆ, ತಿಳಿ ಬಣ್ಣದ ಬಟ್ಟೆ ಹಾಕಿ. ಟವೆಲ್, ಟೋಪಿ, ನೀರಿನ ಬಾಟಲ್, ಒದ್ದೆ ಬಟ್ಟೆಗೆ ಒಂದು ಪ್ಲಾಸ್ಟಿಕ್ ಕವರ್. ಬಸ್ಸಿನಲ್ಲಿ ವಾಂತಿ ಆಗುವವರು ಡಾಕ್ಟರ್ ಹೇಳಿದ ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಬೇಕು, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಮ್ಮಿ. ಹಲವು ಕಡೆ ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ, ಊರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಹತ್ತಿಪ್ಪತ್ತು ಮಿಸ್ಡ್ ಕಾಲ್.

ಆ ದಿನ ಹೇಗೆ ಸಾಗುತ್ತದೆ

ಬಸ್ಸು ಬಾರ್ಜ್ ಮೇಲೆ ಹತ್ತುತ್ತದೆ. ಹತ್ತುವಾಗಲೇ ಸೀಟು ನೋಡಿಕೊಳ್ಳಿ. ಹಿಂದಿನ ಚಕ್ರದ ಮೇಲಿನ ಸೀಟುಗಳು ಬೇಡ, ಮುಂದಿನ ಮೂರು ಸಾಲು ಸಿಕ್ಕರೆ ಪುಣ್ಯ. ಮೆಟ್ಟಿಲು ಎತ್ತರ ಇರುತ್ತದೆ, ಮಂಡಿ ನೋವಿರುವವರಿಗೆ ಕೈ ಕೊಡಿ.

ಮರಳಿಗೆ ಬೀಳುವ ಮುಂಚೆ ಗಾಳಿ ಇಳಿಸುವ ಕೆಲಸ ಇರುತ್ತದೆ. ಸಣ್ಣ ಗಾಡಿಯ ಟೂರ್ ಆದರೆ ಕೆಳಗಿಳಿದು ನೋಡಿ, ಅದೇ ಒಂದು ಪಾಠ. ಗೈಡ್ ಮಂಡಿಯೂರಿ ವಾಲ್ವಿಗೆ ಮೀಟರ್ ಚುಚ್ಚುತ್ತಾರೆ, ಸುಯ್ಯೆಂದು ಗಾಳಿ ಹೋಗುತ್ತದೆ. ಟಾರು ರಸ್ತೆಯಲ್ಲಿ 35ರ ಆಸುಪಾಸು ಇದ್ದ ಪಿಎಸ್ಐ (ಟೈರಿನ ಗಾಳಿಯ ಒತ್ತಡದ ಅಳತೆ) 20ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬರುತ್ತದೆ. ನೋಡನೋಡುತ್ತಲೇ ಟೈರಿನ ಬುಡ ಉಬ್ಬಿ ನೆಲಕ್ಕೆ ಅಂಟಿಕೊಳ್ಳುತ್ತದೆ. ಪಂಕ್ಚರ್ ಆಯ್ತೇನೋ ಅನಿಸುತ್ತದೆ. ಹಾಗೆ ಚಪ್ಪಟೆಯಾದಾಗ ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಗಾಡಿ ಮರಳನ್ನು ಕೊರೆಯದೆ ಮೇಲೆ ತೇಲಿಕೊಂಡು ಹೋಗುತ್ತದೆ. ವಾಪಸ್ ಟಾರಿಗೆ ಬರುವಾಗ ಮತ್ತೆ ತುಂಬಿಸಲೇಬೇಕು, ಆ ಗಾಳಿಯಲ್ಲಿ ಹೈವೇಯಲ್ಲಿ ಓಡಿಸಿದರೆ ಟೈರು ಕಾದು ಹರಿಯುತ್ತದೆ.

ಒಳದಾರಿ ಒಂದೇ ಗಾಡಿ ಹೋಗುವಷ್ಟು ಅಗಲ, ಎದುರಿಗೆ ಬಂದರೆ ಯಾರಾದರೊಬ್ಬರು ಪಕ್ಕಕ್ಕೆ ಸರಿಯಬೇಕು. ವೇಗದ ಮಿತಿ 30, ಆದರೆ ಅಷ್ಟೂ ಹೋಗುವುದಿಲ್ಲ. ಬೇರು, ಗುಂಡಿ ಸಿಕ್ಕಾಗಲೆಲ್ಲ ಬಸ್ಸಿನೊಳಗಿದ್ದವರನ್ನು ಮೊರದಲ್ಲಿ ಹಾಕಿ ಕೇರಿದ ಹಾಗೆ ಆಗುತ್ತದೆ. ಬೆಲ್ಟ್ ಬಿಗಿಯಾಗಿರಲಿ.

ಪಶ್ಚಿಮದಿಂದ ಬಂದರೆ ಸಾಮಾನ್ಯವಾಗಿ ಮೊದಲು ಸಿಗುವುದು ಸೆಂಟ್ರಲ್ ಸ್ಟೇಷನ್. ಹಿಂದೆ ಇಲ್ಲಿ ಮರ ಕಡಿಯುವವರ ಬಿಡಾರ ಇತ್ತು. ಈ ದ್ವೀಪದ ಸ್ಯಾಟಿನೇ ಮರ ಉಪ್ಪುನೀರಿನಲ್ಲೂ ಬೇಗ ಕೊಳೆಯುವುದಿಲ್ಲ ಅಂತ ಸೂಯೆಜ್ ಕಾಲುವೆ ಕೆಲಸಕ್ಕೂ ಸಾಗಿಸಿದ್ದರಂತೆ. 1991ರಲ್ಲಿ ಮರ ಕಡಿಯುವುದು ಪೂರ್ತಿ ನಿಂತಿತು. ಇಲ್ಲಿ ಹಲಗೆ ಹಾಸಿದ ದಾರಿಯಲ್ಲಿ ವಾಂಗೂಲ್ಬಾ ತೊರೆ ಪಕ್ಕ ನಡೆಯಿರಿ. ತಳದಲ್ಲಿ ಬರೀ ಬಿಳಿ ಮರಳು, ಕಲ್ಲೇ ಇಲ್ಲ. ಹಾಗಾಗಿ ನೀರು ಸದ್ದೇ ಮಾಡದೆ ಹರಿಯುತ್ತದೆ, ಎಲೆ ತೇಲಿ ಹೋದಾಗಲೇ ಹರಿಯುತ್ತಿದೆ ಅಂತ ಗೊತ್ತಾಗುವುದು.

ಮೆಕೆಂಜಿ ಕೆರೆಗೆ ಬುಚುಲ್ಲಾ ಹೆಸರು ಬೂರಾಂಗೂರಾ. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಮೇಲೆ ಮರಳುಗುಡ್ಡದಲ್ಲಿ ನೀರು ನಿಂತಿದೆ. ಮರಳಿನಲ್ಲಿ ನೀರು ಇಂಗಿ ಹೋಗಬೇಕಲ್ಲ ಅಂತ ರೈತರ ಮಕ್ಕಳು ಖಂಡಿತ ಕೇಳುತ್ತೀರಿ. ಕೊಳೆತ ಎಲೆ, ಕಡ್ಡಿ ಮರಳಿನ ಜೊತೆ ಗಟ್ಟಿಯಾಗಿ ತಳದಲ್ಲಿ ಒಂದು ಪದರ ಕಟ್ಟಿಕೊಂಡಿದೆ, ಅದು ಮಳೆನೀರನ್ನು ಹಿಡಿದಿಟ್ಟಿದೆ. ಇಂಥ ಕೆರೆಗಳು ದ್ವೀಪದಲ್ಲಿ ಸುಮಾರು 40 ಇವೆ. ದಡದ ಬಳಿ ನೀರು ತಿಳಿ, ಸ್ವಲ್ಪ ಮುಂದೆ ಏಕಾಏಕಿ ಕಡುನೀಲಿ. ಬಣ್ಣ ಬದಲಾಗುವ ಕಡೆ ಆಳ ತಟ್ಟನೆ ಹೆಚ್ಚುತ್ತದೆ, ಈಜು ಬಾರದವರು ತಿಳಿನೀರಿನಲ್ಲೇ ಇರಿ. ಮರಳು ಹೆಚ್ಚುಕಮ್ಮಿ ಶುದ್ಧ ಸಿಲಿಕಾ. ಒಡವೆ ಉಜ್ಜಿದರೆ ಹೊಳಪು ಬರುತ್ತದೆ ಅಂತ ಗೈಡ್ ಹೇಳಿದ್ದೇ ತಡ, ನಮ್ಮ ಚಿಕ್ಕಮ್ಮ ನೀರಿಗೆ ಇಳಿಯುವುದನ್ನೇ ಬಿಟ್ಟು ದಡದಲ್ಲಿ ಕೂತು ಎರಡೂ ಕೈ ಬಳೆ ತಿಕ್ಕಿದರು. ಆದರೆ ಮರಳನ್ನು ಮನೆಗೆ ತುಂಬಿಕೊಂಡು ಬರುವ ಹಾಗಿಲ್ಲ. ದಡದಲ್ಲಿ ತಿಂಡಿಯೂ ಇಲ್ಲ, ನೀರು ಮಾತ್ರ. ತಿನ್ನಲು ಬೇಲಿ ಹಾಕಿದ ಜಾಗ ಬೇರೆ ಇದೆ.

ಅಲ್ಲಿಂದ ಪೂರ್ವದ ದಂಡೆಗೆ ಬಂದರೆ 75 ಮೈಲ್ ಬೀಚ್. ಇದು ಸರ್ಕಾರಿ ದಾಖಲೆಯಲ್ಲೂ ರಸ್ತೆಯೇ, 80ರ ವೇಗಮಿತಿ, ನಮ್ಮ ಹಾಗೆ ಎಡಗಡೆ ಓಡಿಸಬೇಕು, ಪೊಲೀಸರು ನಿಲ್ಲಿಸಿ ಚೆಕ್ ಮಾಡುತ್ತಾರೆ. ಇದೇ ದಂಡೆ ಮೇಲೆ ಸಣ್ಣ ವಿಮಾನಗಳೂ ಇಳಿಯುತ್ತವೆ! ಬೇಕಾದವರು ಬೇರೆ ದುಡ್ಡು ಕೊಟ್ಟು ಒಂದು ಸುತ್ತು ಹಾರಿ ಬರಬಹುದು. ದುಬಾರಿ ಅನಿಸಿದರೂ ದ್ವೀಪದ ಆಕಾರ, ಕೆರೆಗಳ ಸಾಲು ಅರ್ಥವಾಗುವುದು ಮೇಲಿಂದಲೇ.

ದಂಡೆಯಲ್ಲಿ ಇಳಿದಾಗ ಕಿವಿ ಕಣ್ಣು ತೆರೆದಿಡಿ. ಅಲೆಯ ಸದ್ದಿಗೆ ಗಾಡಿ ಬರುವುದು ಕೇಳಿಸುವುದಿಲ್ಲ. ಸಮುದ್ರದಲ್ಲಿ ಈಜುವ ಆಸೆ ಬಿಡಿ, ಸೆಳೆತ ಜಾಸ್ತಿ, ಶಾರ್ಕ್ ಇವೆ, ಕಾಯುವವರು ಯಾರೂ ಇಲ್ಲ.

ಈಜುವ ಆಸೆ ತೀರಿಸಿಕೊಳ್ಳಲು ಎಲೈ ಕ್ರೀಕ್ ಇದೆ. ಗಂಟೆಗೆ ಸುಮಾರು 40 ಲಕ್ಷ ಲೀಟರ್ ಸಿಹಿನೀರು ಸಮುದ್ರಕ್ಕೆ ಸುರಿಯುವ ತೊರೆ. ಹಲಗೆ ದಾರಿಯಲ್ಲಿ ಮೇಲಕ್ಕೆ ನಡೆದು ಹೋಗಿ, ಮೆಟ್ಟಿಲಲ್ಲಿ ನೀರಿಗೆ ಇಳಿದು ಸುಮ್ನೆ ಮೈ ಬಿಟ್ಟರೆ ನೀರೇ ಕೆಳಕ್ಕೆ ತಂದುಬಿಡುತ್ತದೆ. ಹೆಚ್ಚಿನ ಕಡೆ ಆಳ ಮಂಡಿಯಿಂದ ಸೊಂಟದವರೆಗೆ. ಗಾಳಿ ತುಂಬಿದ ಟ್ಯೂಬ್ ಇದ್ದರೆ ಅಜ್ಜಿಯರೂ ಒಂದು ರೌಂಡ್ ಹೋಗಬಹುದು. ಮಕ್ಕಳನ್ನು ಇಲ್ಲಿಂದ ಎಬ್ಬಿಸುವುದೇ ಕಷ್ಟ.

ಸ್ವಲ್ಪ ಉತ್ತರಕ್ಕೆ ಮಹೇನೊ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರ. 1905ರ ಹಡಗು, ಮೊದಲನೇ ಮಹಾಯುದ್ಧದಲ್ಲಿ ಆಸ್ಪತ್ರೆ ಹಡಗಾಗಿತ್ತು. 1935ರ ಜುಲೈನಲ್ಲಿ ಗುಜರಿಗೆ ಅಂತ ಜಪಾನಿಗೆ ಎಳೆದುಕೊಂಡು ಹೋಗುವಾಗ ಬಿರುಗಾಳಿಗೆ ಹಗ್ಗ ಕಿತ್ತುಹೋಗಿ ಇಲ್ಲಿ ಬಂದು ಬಿತ್ತು. ಫೋಟೊಗೆ ಅಂತ ಹತ್ತಬೇಡಿ, ತಗಡು ಕೊಯ್ಯುತ್ತದೆ. ಅದರ ಮುಂದೆ ಪಿನಾಕಲ್ಸ್ ಅನ್ನುವ ಬಣ್ಣದ ಮರಳುಗೋಡೆ, ಕಬ್ಬಿಣದ ಅಂಶದಿಂದ ಹಳದಿ, ಕೆಂಪು, ಕಂದು. ಐದು ನಿಮಿಷ ಸಾಕು. ಇನ್ನೂ ಉತ್ತರದ ಇಂಡಿಯನ್ ಹೆಡ್‌ವರೆಗೆ ಒಂದು ದಿನದ ಟೂರ್‌ಗಳು ಹೆಚ್ಚಾಗಿ ಹೋಗುವುದಿಲ್ಲ. ನಮ್ಮ ದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ, 1770ರಲ್ಲಿ ಕ್ಯಾಪ್ಟನ್ ಕುಕ್ ಆ ಗುಡ್ಡದ ಮೇಲೆ ನಿಂತಿದ್ದ ಮೂಲನಿವಾಸಿಗಳನ್ನು ಕಂಡು ಇಂಡಿಯನ್ಸ್ ಅಂತ ಬರೆದುಕೊಂಡಿದ್ದ.

ಡಿಂಗೊ ವಿಷಯ

ಇಲ್ಲಿನ ಕಾಡುನಾಯಿ ಡಿಂಗೊ, ಬುಚುಲ್ಲಾ ಜನ ವಾಂಗಾರಿ ಅನ್ನುತ್ತಾರೆ. ನೋಡಲು ನಮ್ಮ ಬೀದಿಯ ಕೆಂದನಾಯಿಯೇ. ಅಲ್ಲೇ ಅಪಾಯ ಇರುವುದು. ನಾಯಿ ಕಂಡರೆ ಚ್ಚು ಚ್ಚು ಅಂತ ಕರೆದು ಬಿಸ್ಕೆಟ್ ಎಸೆಯುವ ಕೈ ನಮ್ಮದು. ಅಲ್ಲಿ ಹಾಗೆ ಮಾಡಿದರೆ ಎರಡು ಸಾವಿರ ಡಾಲರಿಗೂ ಮೇಲೆ ದಂಡ, ಜೊತೆಗೆ ಮನುಷ್ಯರ ಹತ್ತಿರ ಊಟ ಸಿಗುತ್ತದೆ ಅಂತ ಕಲಿತ ಡಿಂಗೊ ಮುಂದೆ ಮಕ್ಕಳನ್ನು ಕಚ್ಚುತ್ತದೆ. 2001ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಡಿಂಗೊ ದಾಳಿಯಲ್ಲಿ ಸತ್ತಿದ್ದಾನೆ. ಮಕ್ಕಳು ಕೈಗೆಟಕುವಷ್ಟು ಹತ್ತಿರ ಇರಲಿ. ಒಬ್ಬೊಬ್ಬರೇ ನಡೆಯಬೇಡಿ. ಕನಿಷ್ಠ 20 ಮೀಟರ್ ದೂರ ಇರಿ. ಹತ್ತಿರ ಬಂದರೆ ಓಡಬೇಡಿ, ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಎದೆಗೆ ಕೈ ಕಟ್ಟಿ, ಅದರ ಕಡೆಗೇ ಮುಖ ಮಾಡಿ ನಿಧಾನಕ್ಕೆ ಹಿಂದೆ ಸರಿಯಿರಿ. ಚಿತ್ರಾನ್ನದ ಡಬ್ಬಿ ಬಸ್ಸಿನಲ್ಲೇ ಇರಲಿ.

ವಾಪಸ್ ಬರುವಾಗ

ಸಂಜೆ ಬಾರ್ಜ್ ಹಿಡಿಯುವ ಹೊತ್ತಿಗೆ ಎಲ್ಲರೂ ಸುಸ್ತು. ಹರ್ವಿ ಬೇ ತಲುಪುವಾಗ ಕತ್ತಲಾಗಿರುತ್ತದೆ, ಅದೇ ರಾತ್ರಿ ಬ್ರಿಸ್ಬೇನ್‌ಗೆ ಕಾರು ತಿರುಗಿಸಬೇಡಿ. ಎರಡನೇ ರಾತ್ರಿಯ ರೂಮೂ ಮೊದಲೇ ಹಿಡಿದಿಡಿ, ಬಟ್ಟೆ ಒಗೆಯುವ ಮೆಷಿನ್ ಇರುವ ಜಾಗ ಆದರೆ ಒಳ್ಳೇದು. ಮೆಷಿನ್‌ಗೆ ಹಾಕುವ ಮುಂಚೆ ಬಟ್ಟೆಯನ್ನು ಹೊರಗೆ ಚೆನ್ನಾಗಿ ಜಾಡಿಸಿ. ತಿಮಿಂಗಿಲದ ಕಾಲ ಆಗಿದ್ದರೆ ಮರುದಿನ ಬೆಳಗಿನ ದೋಣಿಗೆ ಟಿಕೆಟ್ ಮಾಡಿಕೊಳ್ಳಿ, ಬೆಳಗ್ಗೆ ಸಾಮಾನ್ಯವಾಗಿ ಗಾಳಿ ಕಮ್ಮಿ, ದೋಣಿ ಅಷ್ಟಾಗಿ ತೂಗುವುದಿಲ್ಲ. ಅದು ಮುಗಿಸಿಕೊಂಡು ಮಧ್ಯಾಹ್ನ ಹೊರಟರೂ ಕತ್ತಲಾಗುವ ಮುಂಚೆ ಬ್ರಿಸ್ಬೇನ್ ಸೇರಬಹುದು.